ವೇಗಕ್ಕೊಂದು ಅಂಗಳ

ನಮ್ಮ ತಾಳವಾಡಿ ಸೀಮೆಯಿಂದ ಕೊಯಮತ್ತೂರಿಗೆ ಹೋಗುವವರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ನನ್ನ ಹಳೆಯ ಶಿಷ್ಯನೊಬ್ಬ ಆ ತಿರುವುಗಳಲ್ಲಿ ಗೆಳೆಯರೊಡನೆ ಪಂದ್ಯ ಕಟ್ಟಿ ಮೋಟಾರುಬೈಕು ಓಡಿಸಿ, ಕಾಲು ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದಿದ್ದನು. ನೋಡಲು ಹೋದ ನಾನು ವೇಗದ ಕೇಡನ್ನು ಕುರಿತು ದೀರ್ಘವಾಗಿಯೇ ಉಪದೇಶಿಸಿದೆ. ಅವನು ಗೋಡೆಯತ್ತ ಮುಖ ತಿರುಗಿಸಿದನು.

ಮುಂದೆ ಅವನು ಕೊಯಮತ್ತೂರಿನಲ್ಲಿ ಮೆಕ್ಯಾನಿಕ್ ಆದನು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, "ಮೇಷ್ಟ್ರೇ, ಒಂದು ಸಲ ನೋಡಿ, ಆಮೇಲೆ ಬೈಯಿರಿ" ಎಂದು ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇಗೆ ನನ್ನನ್ನು ಕರೆದೊಯ್ದನು.

ದಾರಿಯಲ್ಲಿ ಅವನೇ ಉಪಾಧ್ಯಾಯ, ನಾನು ವಿದ್ಯಾರ್ಥಿ. ಈ ಪ್ರಾಂತದ ಮೋಟಾರು ಪಂದ್ಯಗಳು ಬೇರೂರಿದ್ದು ಮದರಾಸಿನ ಬಳಿಯ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ಹಲವು ವರ್ಷ ಪಂದ್ಯ ನಡೆಸಿತು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ತೆರೆಯಿತು. ಇತ್ತ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ ಕಾರಿನ ಎಂಜಿನನ್ನೇ ಬಳಸಿ, ಕಡಿಮೆ ವೆಚ್ಚದ ಪಂದ್ಯದ ಕಾರುಗಳನ್ನು ನಿರ್ಮಿಸಿದರು. ಅಂತಹ ಕಾರಿನಲ್ಲಿ ಪಂದ್ಯ ಆರಂಭಿಸಿದ ಅದೇ ಊರಿನ ನರೇನ್ ಕಾರ್ತಿಕೇಯನ್, 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಪ್ರಥಮ ಭಾರತೀಯರಾದರು. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಆರಂಭವಾದ, 2.1 ಕಿ.ಮೀ. ಉದ್ದದ ಈ ಪಥ ಅವರ ಹೆಸರನ್ನೇ ಹೊತ್ತಿದೆ.

ಕಿವಿಗಡಚಿಕ್ಕುವ ಆರ್ಭಟದ ನಡುವೆ ನನಗೆ ಕಂಡುದು ಮಾತ್ರ ಶಿಸ್ತು. ಎಲ್ಲ ಕಾರುಗಳೂ ಒಂದೇ ದಿಕ್ಕಿಗೆ. ಎದುರಿಗೆ ಲಾರಿಯಿಲ್ಲ, ಅಡ್ಡ ದನವಿಲ್ಲ. ಕಾರೊಂದು ಗಿರ್ರನೆ ತಿರುಗಿ ಪಥದಿಂದಾಚೆ ಜಾರಿತು. ಕೂಡಲೇ ಹಳದಿ ಬಾವುಟ ಎದ್ದಿತು. ಅಷ್ಟು ರಭಸದಲ್ಲಿದ್ದವರೂ ಅಲ್ಲಿ ವೇಗ ತಗ್ಗಿಸಿದರು. ಯಾರೂ ಮುಂದಿನವನನ್ನು ಹಿಂದಿಕ್ಕಲಿಲ್ಲ.

"ಅಂದು ಓಡಿಸಬೇಡ ಎಂದಿರಿ, ಮೇಷ್ಟ್ರೇ. ಇಂಥ ಜಾಗವೊಂದಿದೆಯೆಂದು ಯಾರೂ ಹೇಳಲಿಲ್ಲ" ಎಂದನು ಶಿಷ್ಯ. ಮಾತಿನಲ್ಲಿ ಕೋಪವಿರಲಿಲ್ಲ.

ಮಕ್ಕಳ ಸಹಜ ಪ್ರವೃತ್ತಿಯನ್ನು ಅಡಗಿಸದೆ ತಕ್ಕ ಕಾಲುವೆಯಲ್ಲಿ ಹರಿಸಬೇಕೆಂದು ಶಿಕ್ಷಕ ತರಬೇತಿಯಲ್ಲಿ ಓದಿ, ಬರೆದು, ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆ ಪಾಠ ನನ್ನ ಎದೆಗಿಳಿದದ್ದು ಅಂದು.

ಸಂಜೆ ಬಸ್ಸಿನವರೆಗೆ ಜೊತೆಗೆ ಬಂದನು. ಅವನು ಈಗಲೂ ತುಸು ಕುಂಟುತ್ತಾನೆ. ನಾನು ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಿಧಾನವಾಗಿ ನಡೆದೆನು.