ನಲವತ್ತು ಗಂಟೆ

ಜುಲೈ 6, 2025, ಭಾನುವಾರ. ಅರಸೀಕೆರೆ

ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಮುಂದಿನ ವಾರ ಹಾಸನದಲ್ಲಿ ಮಧ್ಯಸ್ಥಿಕೆ ತರಬೇತಿ, ನಲವತ್ತು ಗಂಟೆ. 'ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ' ಅಭಿಯಾನ ಒಂದನೇ ತಾರೀಖು ಶುರುವಾಗಿದೆ, ಸೆಪ್ಟೆಂಬರ್ ಕೊನೆಯವರೆಗೆ. ಕೋರ್ಟುಗಳಿಂದ ಕಡತಗಳು ಹೊರಡುತ್ತಿವೆ. ಕೂರುವವರು ಬೇಕು.

ಜೂನಿಯರ್ ಹುಡುಗ ಕೇಳಿದ: "ಮೇಡಂ, ಆರ್ಬಿಟ್ರೇಟರ್ ಆದ್ರೆ ಫೀಸು ಜಾಸ್ತಿ ಅಲ್ವಾ? ಅದಕ್ಕೆ ಯಾವ ಕೋರ್ಸು?" ಕಡ್ಡಾಯ ಅನ್ನುವಂಥದ್ದು ಯಾವುದೂ ಇಲ್ಲ ಅಂದೆ. ನಂಬಲಿಲ್ಲ. 2019ರಲ್ಲಿ ಆರ್ಬಿಟ್ರೇಷನ್ ಕಾಯಿದೆಗೆ ಎಂಟನೇ ಅನುಸೂಚಿ ಸೇರಿಸಿ, ವಕೀಲನಾದರೆ ಹತ್ತು ವರ್ಷದ ಅನುಭವ ಬೇಕು ಎಂದೆಲ್ಲ ಬರೆದರು. 2021ರಲ್ಲಿ ಅವರೇ ಅದನ್ನು ಕಿತ್ತರು.

ತೀರ್ಪು ಕೊಡುವವರಿಗೆ ತರಬೇತಿ ಬೇಕಿಲ್ಲ. ತೀರ್ಪು ಕೊಡಕೂಡದ ನನಗೆ ನಲವತ್ತು ಗಂಟೆ.

ಜುಲೈ 14, ಸೋಮವಾರ ರಾತ್ರಿ

ರೈಲಿನಲ್ಲಿ ಎಲ್ಲರ ಬಾಯಲ್ಲೂ ಜಿಲ್ಲೆಯಲ್ಲಿ ಆಗುತ್ತಿರುವ ಹೃದಯಾಘಾತಗಳದ್ದೇ ಸುದ್ದಿ. ಪಕ್ಕದಲ್ಲಿದ್ದ ಹೆಂಗಸು ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಡೀ ದಿನ ಆರಂಭದ ಮಾತು ಹೇಳುವ ಅಭ್ಯಾಸ. "ನಾನು ನ್ಯಾಯಾಧೀಶಳಲ್ಲ. ನಿಮ್ಮಿಬ್ಬರ ಪೈಕಿ ಯಾರ ವಕೀಲಳೂ ಅಲ್ಲ. ಇಲ್ಲಿ ಆಡಿದ್ದು ಇಲ್ಲಿಂದ ಆಚೆ ಹೋಗುವುದಿಲ್ಲ." ನಾಲಿಗೆ ಹೊರಳುತ್ತಿಲ್ಲ. ಇಷ್ಟು ವರ್ಷ 'ನನ್ನ ಕಕ್ಷಿದಾರರು' ಎಂದೇ ಬಾಯಿ ತೆಗೆದವಳು.

ಪರಿಚಯ, ಜಂಟಿ ಸಭೆ, ಪ್ರತ್ಯೇಕ ಸಭೆ, ಮುಕ್ತಾಯ. ನಾಲ್ಕು ಹಂತ.

ಜುಲೈ 15

ಅಪ್ಪ ಊರಲ್ಲಿ ಪಂಚಾಯ್ತಿ ಮಾಡುತ್ತಿದ್ದರು. ಅವರ ಮಾತಿಗೆ ಬೆಲೆ ಇತ್ತು, ಹೆದರಿಕೆಯೂ ಇತ್ತು. ಗಂಡಸರು ಜಗಲಿಯಲ್ಲಿ, ಪಾಲು ಬರಬೇಕಾದ ಹೆಣ್ಣುಮಕ್ಕಳು ಬಾಗಿಲ ಹಿಂದೆ. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪ್ರತ್ಯೇಕ ಸಭೆ ಅನ್ನುವುದು ಅಪ್ಪನ ಕಿವಿಗೆ ಬಿದ್ದಿದ್ದರೆ ನಗುತ್ತಿದ್ದರು.

ಜುಲೈ 16, ಬುಧವಾರ

ಅಣಕು ಮಧ್ಯಸ್ಥಿಕೆ. ತೆಂಗಿನ ತೋಟದ ವಿಭಾಗದ ದಾವೆ. ನನಗೆ ಬಂದದ್ದು ತಂಗಿಯ ಪಾತ್ರ.

ಅಣ್ಣನಾಗಿದ್ದ ವಕೀಲರು ಚೀಟಿಯಲ್ಲಿ ಇಲ್ಲದ್ದನ್ನು ಹೇಳಿಬಿಟ್ಟರು: "ನಿನ್ನ ಮದುವೆಗೆ ಎಷ್ಟು ಸಾಲ ಆಯ್ತು ಗೊತ್ತೇನಮ್ಮ?" ಗಂಟಲು ಕಟ್ಟಿತು. ಒಪ್ಪಿಕೊಂಡೆ. ಅರ್ಧ ಗಂಟೆಯ ಅಭ್ಯಾಸ ಹತ್ತು ನಿಮಿಷಕ್ಕೆ ಮುಗಿಯಿತು. ಎಲ್ಲರೂ ನಕ್ಕರು. ನಾನೂ.

ನಾನೂ ಪಾಲು ಬಿಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳೇ. ಅದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.

ಜುಲೈ 18, ಶುಕ್ರವಾರ

ಮುಗಿಯಿತು. ಪ್ರಮಾಣಪತ್ರ, ಗ್ರೂಪ್ ಫೋಟೊ. ಮಾನ್ಯತೆ ಇನ್ನೂ ದೂರ. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ 2005ರಲ್ಲಿ ಆದದ್ದು. ಅದರ ಕ್ರಮದಲ್ಲಿ ನಲವತ್ತು ಗಂಟೆಯ ಮೇಲೆ ಹತ್ತು ನಿಜವಾದ ಪ್ರಕರಣ ನಡೆಸಿರಬೇಕು. ಆಮೇಲೆ ಇಪ್ಪತ್ತು ಗಂಟೆಯ ಪುನರ್ಮನನ. ಬೆಂಗಳೂರಿನ ಕೇಂದ್ರ 2007ರಿಂದ ನಡೆಯುತ್ತಿದೆ, ಅಲ್ಲಿ ಪಳಗಿದವರಿದ್ದಾರೆ. ನಮ್ಮ ಕಡೆ ಈಗ ಶುರು. 2023ರ ಮಧ್ಯಸ್ಥಿಕೆ ಕಾಯಿದೆಯೂ ಇನ್ನೂ ಪೂರ್ತಿ ಜಾರಿಯಾಗಿಲ್ಲ, ಕೆಲವು ಕಲಮುಗಳಷ್ಟೇ.

ಕೊನೆಯ ಪಾಠ: ನಿಷ್ಪಕ್ಷಪಾತಕ್ಕೆ ಧಕ್ಕೆ ತರುವ ಸಂಗತಿಯಿದ್ದರೆ ಮೊದಲೇ ಬರೆದು ತಿಳಿಸಬೇಕು. ರಕ್ತಸಂಬಂಧ, ಹಣದ ವ್ಯವಹಾರ, ಹಿಂದೆ ವಕಾಲತ್ತು ಹಾಕಿದ್ದು. ನನ್ನ ಬಿಡುಗಡೆ ಪತ್ರ ಇವುಗಳಲ್ಲಿ ಯಾವುದರ ಕೆಳಗೆ ಬರುತ್ತದೆ?

ಜುಲೈ 20, ಭಾನುವಾರ. ಹಳೇಬೀಡು

ದೊಡ್ಡ ದೇವಸ್ಥಾನದಲ್ಲಿ ಜನವೋ ಜನ. ಬಸದಿಹಳ್ಳಿಯ ಕಡೆ ನಡೆದೆ. ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ಕಾಣುತ್ತದೆ, ಅಷ್ಟು ನುಣುಪು.

ಆ ಕಂಬಗಳ ಮೇಲೇ ಜಗಳವಾದದ್ದು. 1638ರ ಶಾಸನ. ವೀರಶೈವರ ಹುಚ್ಚಪ್ಪದೇವ ಕಂಬಗಳಿಗೆ ಲಿಂಗಮುದ್ರೆ ಒತ್ತಿದ, ಜೈನರ ವಿಜಯಪ್ಪ ಅಳಿಸಿದ. ಬೇಲೂರು ನಾಯಕರ ಕಾಲ. ಜೈನ ಸೆಟ್ಟಿಗಳು ಹೋಗಿ ಬಿನ್ನಹ ಮಾಡಿದರು, ವೀರಶೈವ ಹಿರಿಯರ ಸಭೆ, ಮಹಾಮಹತ್ತು, ಕೂತಿತು, ಒಪ್ಪಂದವಾಯಿತು: ಮೊದಲು ವಿಭೂತಿ ವೀಳ್ಯ ಅರ್ಪಿಸಿ, ಆಮೇಲೆ ಜಿನಪೂಜೆ ಎಂದಿನಂತೆ. ಅಡ್ಡಿ ಮಾಡಿದ ವೀರಶೈವ ಶಿವದ್ರೋಹಿ ಎಂದು ಅವರೇ ಬರೆಸಿದರು.

ರಕ್ತ ಹರಿಯಲಿಲ್ಲ, ಪೂಜೆ ನಿಲ್ಲಲಿಲ್ಲ. ತರಬೇತಿಯ ಅಳತೆಯಲ್ಲಿ ಪೂರ್ಣ ಅಂಕ. ಆದರೆ ತಮ್ಮ ಬಸದಿಯಲ್ಲಿ ಮೊದಲ ಅರ್ಪಣೆ ತಮ್ಮದಲ್ಲ. ಒಪ್ಪಿದರೋ, ಬಗ್ಗಿದರೋ? ಶಾಸನದಲ್ಲಿ ಇರುವುದು ಷರತ್ತು ಮಾತ್ರ. ಷರತ್ತು ಓದಿ ಅದನ್ನು ಹೇಳಲಾಗದು.

ಜುಲೈ 24

ಹೆದ್ದಾರಿಗೆ ಜಮೀನು ಹೋದ ರೈತರೊಬ್ಬರು ಬಂದಿದ್ದರು. ತುಮಕೂರು–ಶಿವಮೊಗ್ಗ ರಸ್ತೆ. ತೆಂಗಿನಮರದ ಪರಿಹಾರ ಸಾಲದು. ಇಲ್ಲಿ ಆರ್ಬಿಟ್ರೇಟರನ್ನು ನೇಮಿಸುವುದು ಕೇಂದ್ರ ಸರ್ಕಾರ; ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ. "ಅವರೂ ಸರ್ಕಾರದೋರೇ ಅಲ್ವೇನವ್ವ?" ಉತ್ತರ ಹೊಳೆಯಲಿಲ್ಲ. ಅರ್ಜಿ ಬರೆದುಕೊಟ್ಟೆ.

ಆಗಸ್ಟ್ 11, ಸೋಮವಾರ. ಬೇಲೂರು

ಹಿರಿಯರೊಬ್ಬರ ಪಕ್ಕದಲ್ಲಿ ಮೊದಲ ಸಲ ಕೂತೆ. ವಿಭಾಗದ ದಾವೆ. ಅಣ್ಣ, ತಂಗಿ. ಇದಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲಿ ಬಿಡಲಿ, ಎಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಆಗಸ್ಟ್ 11ರಂದು. ಇವತ್ತಿಗೆ ಐದು ವರ್ಷ. ಕೋಣೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ನಾನಂತೂ ಎತ್ತುವ ಹಾಗಿಲ್ಲ.

ಆಗಸ್ಟ್ 12, ಬೆಳಗಿನ ಜಾವ

ನಿದ್ದೆ ಇಲ್ಲ. ಆಕೆ ಬಿಟ್ಟುಕೊಡುತ್ತಾಳೆ, ಅದು ಮುಖದಲ್ಲೇ ಇದೆ. ಸುಮ್ಮನಿದ್ದರೆ ಅಣ್ಣನ ಪಕ್ಷ. ಬಾಯಿ ಬಿಟ್ಟರೆ ಆಕೆಯ ವಕೀಲಳಾಗುತ್ತೇನೆ. ಕೈಪಿಡಿ ಒಂದು ದಾರಿ ಕೊಡುತ್ತದೆ: ಸಲಹೆ ಬೇಡ, ಪ್ರಶ್ನೆ ಕೇಳಿ. ಪ್ರಶ್ನೆಯ ಒಳಗೂ ಸಲಹೆ ಅಡಗುತ್ತದೆ, ವಕೀಲರಿಗೆ ಅದು ಗೊತ್ತಿಲ್ಲವೇ?

ಆಗಸ್ಟ್ 22, ಶುಕ್ರವಾರ

ಪ್ರತ್ಯೇಕ ಸಭೆಯಲ್ಲಿ ಹಿರಿಯರು ನನಗೆ ಬಿಟ್ಟರು. ಕೇಳಿದೆ: "ಇವತ್ತು ಸಹಿ ಹಾಕದಿದ್ದರೆ ಏನಾಗಬಹುದು ಅಂದ್ಕೊಂಡಿದೀರಮ್ಮ?"

ಆಕೆ ನನ್ನನ್ನೇ ನೋಡಿದಳು. "ಕಾನೂನು ನಂಗೂ ಗೊತ್ತು ಮೇಡಂ. ನನ್ ಮಗಳ ಮದುವೆಗೆ ಸೋದರಮಾವ ಬೇಕು."

ಹೆಸರು, ಊರು, ಸರ್ವೆ ನಂಬರು ಇಲ್ಲ. ಆದರೂ ಇದನ್ನು ಬರೆಯಬಹುದಿತ್ತೇ?

ಸಹಿಯಾಯಿತು. ಆಕೆಗೆ ಏನೂ ಇಲ್ಲವೆಂದಲ್ಲ. ಕಾನೂನಿನ ಲೆಕ್ಕಕ್ಕಿಂತ ಕಡಿಮೆ. ಆಕೆಯ ಲೆಕ್ಕ ಬೇರೆ ಇರಬಹುದು.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಅಣ್ಣ ಬಾಗಿನ ಕಳಿಸಿದ್ದಾನೆ. ಸೀರೆ ಈ ಸಲ ದುಬಾರಿಯದು. ಕೊಬ್ಬರಿ ರೇಟು ಏರಿದೆಯಲ್ಲ.

ಖುಷಿಯಾಯಿತು. ಆಮೇಲೆ ರೇಗಿತು. ಮತ್ತೆ ಉಟ್ಟುಕೊಂಡೆ.

ಆಗಸ್ಟ್ 29, ಶುಕ್ರವಾರ

ವರದಿಯಲ್ಲಿ ರಾಜಿಯಾಯಿತೇ, ಇಲ್ಲವೇ ಅಷ್ಟೇ ಬೇಕು. ಆಯಿತು ಎಂದು ಹೋಗಿದೆ. ನನ್ನ ಹತ್ತು ಪ್ರಕರಣದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಹಿರಿಯರನ್ನು ಕೇಳಬೇಕು.

ಮುಂದಿನ ಕಡತ ಬ್ಯಾಂಕಿನ ಸಾಲದ್ದು. ಇದರಲ್ಲಿ ಅಣ್ಣ ತಂಗಿ ಇಲ್ಲ, ಪುಣ್ಯ ಅಂದುಕೊಂಡೆ. ಬಿಚ್ಚಿ ನೋಡಿದರೆ ಜಾಮೀನು ನಿಂತವನು ಸಾಲಗಾರನ ಭಾವ.