ತಿರುಗುತ್ತದೆ, ಕಾಯುವುದಿಲ್ಲ

ಮಿಷಿಗನ್ನಿನ ಚಳಿಗಾಲದಲ್ಲಿ ಹೊರಗೆ ಹಗ್ಗ ಕಟ್ಟಿ ಬಟ್ಟೆ ಹರವುವ ಮಾತೇ ಇಲ್ಲ. ಇಲ್ಲಿನ ನಮ್ಮವರ ಮನೆಗಳಲ್ಲಿ ಡ್ರೈಯರ್ ಕೆಟ್ಟರೆ ನನಗೆ ಫೋನು ಬರುತ್ತದೆ. ‘ಡ್ರಮ್ ತಿರುಗ್ತಾ ಇದೆ, ಬಿಸಿ ಮಾತ್ರ ಆಗ್ತಿಲ್ಲ’ ಎಂಬ ದೂರು ಕೇಳಿದರೆ ಸಾಕು, ಮಲ್ಟಿಮೀಟರ್ ಎತ್ತಿಕೊಂಡು ಹೊರಡುತ್ತೇನೆ. ಪೂರ್ತಿ ಸತ್ತ ಯಂತ್ರಕ್ಕಿಂತ ಅರ್ಧ ಬದುಕಿರುವ ಯಂತ್ರವೇ ನನಗಿಷ್ಟ. ಅದು ಯಾವ ಕೆಲಸ ಮಾಡುತ್ತಿದೆ, ಯಾವುದನ್ನು ಬಿಟ್ಟಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಊರಿನ 230 ವೋಲ್ಟಿನ ಕರೆಂಟು ನೋಡಿ ಬೆಳೆದ ನನಗೆ ಅಮೆರಿಕದ ಮನೆಯ ವೈರಿಂಗ್ ಈಗಲೂ ಸೋಜಿಗ. ಟ್ರಾನ್ಸ್‌ಫಾರ್ಮರಿನಿಂದ ಕರೆಂಟಿರುವ ಎರಡು ತಂತಿ ಒಳಗೆ ಬರುತ್ತವೆ. ನ್ಯೂಟ್ರಲ್ಲಿಗೆ ಅಳೆದರೆ ಒಂದೊಂದೂ 120 ವೋಲ್ಟ್, ಎರಡರ ನಡುವೆ 240. ಡ್ರಮ್ ತಿರುಗಿಸುವ ಮೋಟಾರಿಗೆ ಒಂದು ತಂತಿ ಸಾಕು, ಹೀಟರಿಗೆ ಎರಡೂ ಬೇಕು. ಹಾಗಾಗಿ 30 ಆಂಪಿನ ಜೋಡಿ ಬ್ರೇಕರಿನಲ್ಲಿ ಮೋಟಾರಿಗೆ ಬೇಡದ ಬದಿ ಕೈಕೊಟ್ಟರೂ ಡ್ರಮ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಬಟ್ಟೆಗೆ ತಣ್ಣನೆ ಗಾಳಿಯಷ್ಟೇ ಸಿಗುತ್ತದೆ. ಮೊದಲು ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡುತ್ತೇನೆ. ಅಲ್ಲೇ ಸರಿಹೋದರೆ ಮನೆಯವರಿಗೆ ಸಂತೋಷ, ನನಗೆ ಸ್ವಲ್ಪ ನಿರಾಸೆ.

ಸರಿಹೋಗದಿದ್ದರೆ ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚುವುದು. ಪ್ಲಗ್ ಕೀಳದೆ ಕೈಹಾಕಲೇಬಾರದು. ಯಂತ್ರ ನಿಂತಿದ್ದರೂ ಹೀಟರಿನ ಒಂದು ತುದಿಯಲ್ಲಿ ಕರೆಂಟು ಇರುವುದುಂಟು. ಹೀಟರಿನ ಕಾಯಿಲ್‌ಗೆ ಬರುವ ತಂತಿ ಕಳಚಿ ಮೀಟರಿನ ಕಡ್ಡಿ ಇಡುವ ಆ ಗಳಿಗೆ ನನಗೆ ಬಲು ಪ್ರಿಯ. 5400 ವಾಟಿನ ಕಾಯಿಲಾದರೆ ಹತ್ತು-ಹನ್ನೊಂದು ಓಮ್ ತೋರಿಸಬೇಕು: 240ರ ವರ್ಗವನ್ನು 5400ರಿಂದ ಭಾಗಿಸಿದರೆ ಬರುವ ಲೆಕ್ಕ. ಹೈಸ್ಕೂಲಿನಲ್ಲಿ ಕರಿಹಲಗೆಯ ಮೇಲಿದ್ದ ಓಮನ ನಿಯಮ ಬಟ್ಟೆ ಒಣಗಿಸುವ ಪೆಟ್ಟಿಗೆಯ ಬೆನ್ನಲ್ಲಿ ಇಷ್ಟು ಕರಾರುವಾಕ್ಕಾಗಿ ಸಿಕ್ಕಾಗ ಆಗುವ ಖುಷಿಯೇ ಬೇರೆ. ಮೀಟರ್ ಅಲುಗದಿದ್ದರೆ ಕಾಯಿಲ್ ಎಲ್ಲೋ ತುಂಡಾಗಿದೆ.

ಕಾಯಿಲ್ ಚೆನ್ನಾಗಿದ್ದರೆ ಥರ್ಮೋಸ್ಟ್ಯಾಟ್, ಆಮೇಲೆ ಥರ್ಮಲ್ ಫ್ಯೂಸ್. ತಣ್ಣಗಿರುವಾಗ ಇವು ಸೊನ್ನೆಗೆ ಹತ್ತಿರದ ಓಮ್ ತೋರಿಸಬೇಕು. ಮಿತಿಮೀರಿ ಕಾದಾಗ ಫ್ಯೂಸ್ ತಾನು ಕಡಿದುಹೋಗಿ ಮನೆಯನ್ನು ಉಳಿಸುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡಿಕೊಳ್ಳದು. ಹೊಸದು ಹಾಕಿ ಎದ್ದು ಬರುವುದು ನನಗೆ ಒಪ್ಪಿಗೆಯಿಲ್ಲ. ಅದು ಕಡಿದದ್ದೇಕೆ? ಹೆಚ್ಚಾಗಿ ಉತ್ತರ ಇರುವುದು ಗಾಳಿ ಹೊರಹೋಗುವ ಕೊಳವೆಯಲ್ಲಿ. ಬಟ್ಟೆಯಿಂದ ಉದುರಿದ ನೂಲಿನ ಧೂಳು ಅಲ್ಲಿ ಒಲೆಯ ಹೊಗೆಗೂಡಿನ ಮಸಿಯಂತೆ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ಗಾಳಿಗೆ ದಾರಿಯಿಲ್ಲ, ಶಾಖ ಒಳಗೇ ಏರುತ್ತದೆ. ಆ ಧೂಳೋ, ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವಂಥದ್ದು.

ಅದಕ್ಕೇ ಕೊಳವೆ ತೆಗೆದು, ಉದ್ದ ಬ್ರಷ್ ಹಾಕಿ ಹೊರಗೋಡೆಯ ಮುಚ್ಚಳದವರೆಗೂ ಉಜ್ಜುತ್ತೇನೆ. ಹೊಸ ಫ್ಯೂಸ್ ಆಮೇಲೆ. ಬಳುಕುವ ಪ್ಲಾಸ್ಟಿಕ್ ಕೊಳವೆ ಕಂಡರಂತೂ ಅದನ್ನು ಎಸೆದು ನುಣುಪಾದ ಲೋಹದ್ದನ್ನೇ ಹಾಕಿಸಿ ಎಂದು ಮನೆಯವರು ಒಪ್ಪುವ ತನಕ ಪಟ್ಟುಹಿಡಿಯುತ್ತೇನೆ.