ಬಫಲೋ ನಗರದ ವಾದಸಭೆ

ನಯಾಗರಾ ಜಲಪಾತವನ್ನು ಕಂಡುಬಂದವರು ನಮ್ಮ ನಾಡಿನಲ್ಲಿ ಈಗ ಬಹಳ ಮಂದಿ ಇದ್ದಾರೆ. ಅದರ ವರ್ಣನೆಯನ್ನೂ ವಾಚಕರು ಸಾಕಷ್ಟು ಓದಿರುತ್ತಾರೆ. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಬಫಲೋ ನಗರವನ್ನು ಮಾತ್ರ ಪ್ರವಾಸಿಗರು ಮೋಟಾರಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗಿಬಿಡುತ್ತಾರೆ. 2025ರ ಜನವರಿಯಲ್ಲಿ ಆ ನಗರದಲ್ಲಿ ಮೂರು ವಾರ ತಂಗುವ ಯೋಗ ನಮಗೆ ಒದಗಿತು. ಧಾರವಾಡದ ಕಡೆಯ ವೈದ್ಯ ದಂಪತಿಗಳು ಮೊಮ್ಮಗುವಿನ ನಾಮಕರಣಕ್ಕೆಂದು ನಮ್ಮನ್ನು ಕರೆಸಿಕೊಂಡಿದ್ದರು. ಚಳಿಯ ಕಾಲದಲ್ಲಿ ಆ ಊರಿಗೆ ಹೋಗಬೇಡಿರೆಂದು ಹೇಳಿದವರು ಅನೇಕರು. ತೊಟ್ಟಿಲಿನ ಕೂಸು ಋತುಮಾನ ನೋಡಿ ಹುಟ್ಟುವುದಿಲ್ಲವಷ್ಟೆ.

ಈರಿ ಎಂಬ ಮಹಾಸರೋವರದ ಪೂರ್ವದ ತುದಿಯಲ್ಲಿ ಈ ನಗರವಿದೆ. ಪಶ್ಚಿಮದಿಂದ ಬೀಸುವ ಗಾಳಿ ಸರೋವರದ ತೇವವನ್ನು ಹೀರಿಕೊಂಡು ಬಂದು ದಡ ಮುಟ್ಟಿದೊಡನೆ ಹಿಮವಾಗಿ ಸುರಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಿಲ್ಲಿಸಿದ್ದ ಮೋಟಾರುಗಳೆಲ್ಲ ಬಿಳಿಯ ಗುಡ್ಡೆಗಳಾಗಿರುತ್ತಿದ್ದವು. 1825ರಲ್ಲಿ ಈರಿ ಕಾಲುವೆ ತೆರೆದ ಬಳಿಕ ಪಶ್ಚಿಮ ಪ್ರಾಂತಗಳ ಗೋಧಿಯೆಲ್ಲ ಇಲ್ಲಿಗೆ ಬಂದು ಇಳಿಯತೊಡಗಿತು. ಮುಗಿಲೆತ್ತರದ ಕಣಜಗಳು ನದೀತೀರದಲ್ಲಿ ಇಂದಿಗೂ ಸಾಲಾಗಿ ನಿಂತಿವೆ, ಅವುಗಳಲ್ಲಿ ಬಹುಪಾಲು ಬರಿದಾಗಿವೆ. ಪಕ್ಕದ ಲ್ಯಾಕವಾನಾದ ಉಕ್ಕಿನ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 1983ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ನಿಂತಿತು. 1950ರಲ್ಲಿ ನಗರದ ಜನಸಂಖ್ಯೆ 5,80,132 ಇದ್ದುದು 2020ರಲ್ಲಿ 2,78,349ಕ್ಕೆ ಇಳಿದಿತ್ತು. ಅರ್ಧದಷ್ಟು ಮನೆಯವರು ಎದ್ದುಹೋದ ಊರು ಎನ್ನಬಹುದು. ಆ ಊರಿನವರ ಪಾಲಿಗೆ ಎಲ್ಲಿಗೂ ಎದ್ದುಹೋಗದೆ ಉಳಿದದ್ದು ಅವರ ಫುಟ್‌ಬಾಲ್ ತಂಡ. ಅದರ ಹೆಸರು ಬಿಲ್ಸ್.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಇಲ್ಲವೆ ಎಸೆದು, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು, ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಹನ್ನೊಂದು ಜನರ ನಡುವೆ ನಿಂತು ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯುವುದು, ಯಾರಿಗೆ ಕೊಡುವುದು, ತಾನೇ ಓಡುವುದೋ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಜಯವಾದರೂ ಅಪಜಯವಾದರೂ ಜನ ಅದನ್ನು ಬರೆಯುವುದು ಅವನ ಲೆಕ್ಕಕ್ಕೆ. ಸಪ್ಟೆಂಬರಿನಿಂದ ಹದಿನೇಳು ಲೀಗ್ ಪಂದ್ಯಗಳು ನಡೆದ ಮೇಲೆ ಹದಿನಾಲ್ಕು ತಂಡಗಳು ಪ್ಲೇಆಫ್ ಎಂಬ ಸುತ್ತನ್ನು ಪ್ರವೇಶಿಸುತ್ತವೆ. ಅಲ್ಲಿ ಒಮ್ಮೆ ಸೋತವನು ಮನೆಗೆ ನಡೆಯಬೇಕು. ಕೊನೆಯ ಪಂದ್ಯಕ್ಕೆ ಸೂಪರ್ ಬೌಲ್ ಎಂದು ಹೆಸರು. ಬಫಲೋ ತಂಡ ಅದನ್ನು ಒಮ್ಮೆಯೂ ಗೆದ್ದಿಲ್ಲ.

ನಾವು ಇಳಿದುಕೊಂಡಿದ್ದ ಮನೆಯ ಕಿರಿಯ ಮಗ ಕಾಲೇಜಿನಲ್ಲಿ ಗಣಿತ ಓದುವ ಹುಡುಗ. ಅವನ ಕನ್ನಡ ತುಸು ತೊಡರಿದರೂ ಅಂಕಿಸಂಖ್ಯೆಗಳು ತೊಡರುವುದಿಲ್ಲ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು. ಲ್ಯಾಕವಾನಾದ ಕುಲುಮೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಶಾಲಾವಾಹನ ನಡೆಸಿ ನಿವೃತ್ತರಾದವರು. ಇವರಿಬ್ಬರಿಗೂ ದಿನಬೆಳಗಾದರೆ ಒಂದೇ ವಾದ: ಬಫಲೋ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್ ನಿಜಕ್ಕೂ ಎಷ್ಟು ದೊಡ್ಡ ಆಟಗಾರ? ಅಂಚೆ ತರುವವನು, ಕ್ಷೌರದಂಗಡಿಯವನು, ಆಸ್ಪತ್ರೆಯ ದಾದಿಯರು, ಎಲ್ಲರೂ ಈ ವಾದದಲ್ಲಿ ಒಂದೊಂದು ಪಕ್ಷ ಹಿಡಿದವರೇ. ಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ನಮಗೆ ಆಟಕ್ಕಿಂತ ಈ ವಾದದ ರೀತಿಯೇ ಕುತೂಹಲಕರವಾಗಿ ಕಂಡಿತು.

ಹುಡುಗನ ಪಕ್ಷ ಹೀಗಿತ್ತು. ಅಲೆನ್ ಕ್ಯಾಲಿಫೋರ್ನಿಯದ ಒಕ್ಕಲು ಮನೆತನದವನು. ಶಾಲೆ ಮುಗಿಸಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ಅವನನ್ನು ಆಟಕ್ಕೆ ಕರೆಯಲಿಲ್ಲ. 2018ರಲ್ಲಿ ಬಫಲೋ ಅವನನ್ನು ಆರಿಸಿಕೊಂಡಾಗ, ತೋಳಿನಲ್ಲಿ ಬಲವಿದೆ, ಗುರಿಯಿಲ್ಲ ಎಂದು ಪಂಡಿತರು ಹೀಗಳೆದರು. ಮೊದಲ ವರ್ಷ ಅವನ ಎಸೆತಗಳಲ್ಲಿ ಶೇಕಡಾ 52.8 ಮಾತ್ರ ತನ್ನವರ ಕೈ ಸೇರಿದವು. 2020ರಲ್ಲಿ ಅದೇ ಪ್ರಮಾಣ 69.2ಕ್ಕೆ ಏರಿತು. ಹೀಗೆ ತನ್ನನ್ನು ತಾನೇ ತಿದ್ದಿಕೊಂಡವನನ್ನು ದೊಡ್ಡವನಲ್ಲವೆನ್ನುವುದು ಹೇಗೆ? ಹಿರಿಯರು ಒಂದೇ ಮಾತಿನಲ್ಲಿ ಉತ್ತರಿಸುತ್ತಿದ್ದರು: "ಜನವರಿಯಲ್ಲಿ ಕ್ಯಾನ್ಸಸ್ ಸಿಟಿಯನ್ನು ಸೋಲಿಸಲಿ, ಆಗ ಒಪ್ಪುತ್ತೇನೆ." ಆ ಊರಿನ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆ ವೇಳೆಗೆ ಮೂರು ಸೂಪರ್ ಬೌಲ್‌ಗಳನ್ನು ಗೆದ್ದಿದ್ದನು. 2021ರಿಂದ 2024ರವರೆಗೆ ಪ್ರತಿವರ್ಷವೂ ಲೀಗ್ ಪಂದ್ಯದಲ್ಲಿ ಬಫಲೋ ಅವನ ತಂಡವನ್ನು ಸೋಲಿಸಿತ್ತು. ಪ್ಲೇಆಫ್‌ನಲ್ಲಿ ಮಾತ್ರ 2021, 2022, 2024ರ ಜನವರಿಗಳಲ್ಲಿ ಮೂರು ಸಲ ಎದುರಾಗಿ ಮೂರು ಸಲವೂ ಸೋತಿತ್ತು.

ಅಳತೆಗೋಲೇ ಒಂದಿಲ್ಲವೆ ಎಂದು ನಾವು ಕೇಳಿದೆವು. ಇದೆಯೆಂದು ಹುಡುಗ ವಿವರಿಸಿದನು. ಪಾಸರ್ ರೇಟಿಂಗ್ ಎಂಬ ಗಣನೆ 1973ರಿಂದ ಬಳಕೆಯಲ್ಲಿದೆ. ಎಸೆತಗಳಲ್ಲಿ ಎಷ್ಟು ಕೈಸೇರಿದವು, ಎಷ್ಟು ಗಜ ದಕ್ಕಿತು, ಎಷ್ಟು ಟಚ್‌ಡೌನ್‌ಗಳಾದವು, ಎಷ್ಟನ್ನು ಎದುರಾಳಿಗಳು ಕಸಿದರು ಎಂಬ ನಾಲ್ಕನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಪೂರ್ಣಾಂಕ ನೂರಲ್ಲ, 158.3! ಇಂಥ ಪೂರ್ಣಾಂಕವನ್ನು ನಾವು ಬೇರೆಲ್ಲೂ ಕಂಡಿಲ್ಲ. ಅಲೆನ್ ತಾನೇ ಓಡಿ ಗಳಿಸಿದ ಗಜಗಳಿಗೆ ಅದರಲ್ಲಿ ಬೆಲೆಯಿಲ್ಲ. ಒಳ್ಳೆಯ ಎಸೆತವನ್ನು ಹಿಡಿಯುವವನು ಕೈಬಿಟ್ಟರೆ ಅಂಕ ಕಳೆಯುವುದು ಎಸೆದವನಿಗೆ.

ಕೈಬಿಟ್ಟ ಮಾತು ಬಂದುದರಿಂದ ಜನವರಿ 19ರ ಪಂದ್ಯವನ್ನು ಹೇಳಬೇಕು. ಬಾಲ್ಟಿಮೋರ್ ತಂಡದೊಡನೆ ಆ ಆಟ ಬಫಲೋದ ಹೊರವಲಯದ ಆರ್ಚರ್ಡ್ ಪಾರ್ಕ್‌ನಲ್ಲಿ ನಡೆಯಿತು. 1973ರಲ್ಲಿ ಕಟ್ಟಿದ ಆ ಕ್ರೀಡಾಂಗಣಕ್ಕೆ ಮಾಡು ಎಂಬುದಿರಲಿಲ್ಲ. ಎದುರಿಗೆ ಹೊಸ ಕ್ರೀಡಾಂಗಣದ ಕಬ್ಬಿಣದ ಹಂದರ ಅಂದಿಗೆ ಅರ್ಧ ಎದ್ದಿತ್ತು. ನಾವು ಮನೆಯಲ್ಲಿ ಬೆಚ್ಚಗೆ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದೆವೆನ್ನಿ. ಆಟ ಮುಗಿಯಲು ಒಂದೂವರೆ ನಿಮಿಷವಿದ್ದಾಗ ಬಫಲೋ 27, ಬಾಲ್ಟಿಮೋರ್ 25. ಸಮ ಮಾಡಿಕೊಳ್ಳಲು ಎರಡು ಅಂಕಗಳ ಒಂದು ಅವಕಾಶ. ಬಾಲ್ಟಿಮೋರಿನ ಲಮಾರ್ ಜ್ಯಾಕ್ಸನ್ ಎಸೆದ ಚೆಂಡು ಮಾರ್ಕ್ ಆ್ಯಂಡ್ರೂಸ್ ಎಂಬವನ ಕೈಗೆ ಬಂದು ಜಾರಿಬಿತ್ತು. ಬಫಲೋ ಗೆದ್ದಿತು. ಮರುದಿನ ಊರೆಲ್ಲ ಒಂದೇ ಮಾತು: ಅಲೆನ್ ಜ್ಯಾಕ್ಸನ್ನನಿಗಿಂತ ಮೇಲೆಂಬುದು ಸಿದ್ಧವಾಯಿತು! ಚೆಂಡು ಜಾರಿದ ಗಳಿಗೆಯಲ್ಲಿ ಅಲೆನ್ ಮೈದಾನದ ಹೊರಗೆ ನಿಂತಿದ್ದನು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟು ಹಾಕುವ ಕಾಕತಾಳೀಯ ನ್ಯಾಯವನ್ನು ಹುಡುಗನಿಗೆ ಹೇಳಿಕೊಟ್ಟೆವು. ಅವನು ಅದನ್ನು ಬರೆದುಕೊಂಡು ಸಂಜೆಯೇ ಹಿರಿಯರ ಮೇಲೆ ಪ್ರಯೋಗಿಸಿದನು.

ಹಿರಿಯರೇನು ಸಾಮಾನ್ಯರಲ್ಲ. ಅವರ ಬತ್ತಳಿಕೆಯಲ್ಲಿ ಅರವತ್ತು ವರ್ಷಗಳ ನೆನಪು ತುಂಬಿತ್ತು. ಸೂಪರ್ ಬೌಲ್ ಇನ್ನೂ ಆರಂಭವಾಗದ ಕಾಲದಲ್ಲಿ, 1964 ಮತ್ತು 1965ರಲ್ಲಿ, ಬಫಲೋ ತನ್ನ ಲೀಗಿನ ಪಟ್ಟ ಗೆದ್ದುದನ್ನು ಅವರು ಕಣ್ಣಾರೆ ಕಂಡವರು. ಅಂದಿನ ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಕೆಂಪ್ ಮುಂದೆ ಅಮೆರಿಕದ ಸಂಸತ್ತನ್ನು ಸೇರಿ 1996ರಲ್ಲಿ ಉಪರಾಷ್ಟ್ರಾಧ್ಯಕ್ಷ ಪದವಿಗೂ ಸ್ಪರ್ಧಿಸಿದನು. ಆಮೇಲೆ ಬಂದವನು ಜಿಮ್ ಕೆಲಿ. ಅವನ ಕಾಲದಲ್ಲಿ 1991ರಿಂದ 1994ರವರೆಗೆ ನಾಲ್ಕು ವರ್ಷ ಒಂದೇ ಸಮನೆ ಬಫಲೋ ಸೂಪರ್ ಬೌಲ್ ತಲುಪಿತು; ನಾಲ್ಕೂ ಸಲ ಸೋತಿತು. ಮೊದಲನೆಯದು ಒಂದೇ ಅಂಕದ ಸೋಲು, 20-19. ಕೊನೆಯ ಸೆಕೆಂಡುಗಳಲ್ಲಿ ಸ್ಕಾಟ್ ನಾರ್ವುಡ್ 47 ಗಜಗಳ ದೂರದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಸರಿದುಹೋಯಿತು. ಅದು ಒಳಗೆ ಬಿದ್ದಿದ್ದರೆ ಕೆಲಿಯನ್ನು ಜಗತ್ತು ಬೇರೆಯಾಗಿಯೇ ಎಣಿಸುತ್ತಿತ್ತು. ಒದೆತ ನಾರ್ವುಡ್‌ನದು, ತೂಕ ಇಳಿದದ್ದು ಕೆಲಿಯದು. ಆದರೂ 2002ರಲ್ಲಿ ಕೆಲಿಯನ್ನು ಆ ಆಟದ ಕೀರ್ತಿಮಂದಿರಕ್ಕೆ ಸೇರಿಸಿಕೊಂಡರು.

ಅದೇ ನಾರ್ವುಡ್ ಮರುದಿನ ಊರಿಗೆ ಹಿಂದಿರುಗಿದಾಗ ನಡೆದುದನ್ನು ಹಿರಿಯರು ನಮಗೆ ನಗರಮಧ್ಯದ ನಯಾಗರಾ ಚೌಕಕ್ಕೆ ಕರೆದೊಯ್ದೇ ಹೇಳಿದರು. ಕೊರೆಯುವ ಚಳಿಯಲ್ಲಿ ಸಹಸ್ರಾರು ಜನ ಅಲ್ಲಿ ನೆರೆದಿದ್ದರು. ತಂಡದವರು ವೇದಿಕೆಯ ಮೇಲೆ ನಿಂತಿರಲು ಜನರು ಸ್ಕಾಟ್ ಬರಲಿ, ಸ್ಕಾಟ್ ಬರಲಿ ಎಂದು ಕೂಗತೊಡಗಿದರು. ಬಯ್ಯಲಿಕ್ಕಲ್ಲ. ಆತ ಮುಂದೆ ಬಂದು ನಿಂತು, ಗಂಟಲು ಕಟ್ಟಿ, ಇಷ್ಟು ಪ್ರೀತಿಯನ್ನು ತಾನು ಹಿಂದೆಂದೂ ಕಂಡಿಲ್ಲವೆಂಬರ್ಥದ ಮಾತನಾಡಿದನು. ಇದನ್ನು ಹೇಳುವಾಗ ಹಿರಿಯರು ಟೊಪ್ಪಿಗೆಯನ್ನು ಕಣ್ಣಿನವರೆಗೆ ಎಳೆದುಕೊಂಡರು. ಕಾರ್ಖಾನೆ ಮುಚ್ಚಿದ ದಿನ ತಮ್ಮನ್ನು ಹೀಗೆ ಯಾರೂ ಕರೆಯಲಿಲ್ಲವೆಂದು ಹಾದಿಯಲ್ಲಿ ಒಮ್ಮೆ ಅಂದರು. ಮುಂದೆ ಆ ಮಾತನ್ನು ಎತ್ತಲಿಲ್ಲ.

ವಾದಕ್ಕೆ ಮರಳೋಣ. ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಪರೀಕ್ಷೆಗಳುಂಟು. ಹೊಗೆಯಿದ್ದಲ್ಲಿ ಬೆಂಕಿಯುಂಟು ಎನ್ನುವುದು ಅನ್ವಯ. ಬೆಂಕಿಯಿಲ್ಲದ ಕಡೆ ಹೊಗೆಯೂ ಇಲ್ಲ ಎನ್ನುವುದು ವ್ಯತಿರೇಕ. ಕೆಲಿಯಿಂದಲೇ ಗೆಲುವಾದರೆ ಕೆಲಿಯಿಲ್ಲದ ದಿನ ಗೆಲುವಿರಬಾರದು. 1993ರ ಜನವರಿ 3ರಂದು ಗಾಯಗೊಂಡ ಕೆಲಿ ಆಡಲಿಲ್ಲ. ಬದಲಿ ಆಟಗಾರ ಫ್ರ್ಯಾಂಕ್ ರೈಕ್ ಇಳಿದನು. ಅರ್ಧ ಆಟ ಕಳೆದು ಸ್ವಲ್ಪ ಹೊತ್ತಿಗೆ ಹ್ಯೂಸ್ಟನ್ 35, ಬಫಲೋ 3. ಎಷ್ಟೋ ಜನ ಎದ್ದು ಮನೆಗೆ ಹೊರಟರು. ಟಿಕೆಟ್ಟುಗಳು ಪೂರ್ತಿ ಮಾರಾಟವಾಗದೆ ಇದ್ದುದರಿಂದ ಅಂದು ಊರಿನ ಟೆಲಿವಿಷನ್ನಿನಲ್ಲಿ ಪ್ರಸಾರವೂ ಇರಲಿಲ್ಲ. ಬಫಲೋ 41-38ರಿಂದ ಗೆದ್ದಿತು! ಪ್ಲೇಆಫ್ ಚರಿತ್ರೆಯಲ್ಲಿ 32 ಅಂಕಗಳ ಅಂತರವನ್ನು ತುಂಬಿಕೊಂಡು ಗೆದ್ದವರು ಬೇರೆ ಯಾರೂ ಇಲ್ಲ. ಈ ದೃಷ್ಟಾಂತದಿಂದ ಹಿರಿಯರು ಕ್ವಾರ್ಟರ್‌ಬ್ಯಾಕ್‌ಗಿಂತ ತಂಡವೇ ದೊಡ್ಡದೆಂದು ಸಾಧಿಸಿದರು. ರೈಕ್ ಕೂಡ ಕ್ವಾರ್ಟರ್‌ಬ್ಯಾಕ್ ಅಲ್ಲವೇ ಎಂದು ಹುಡುಗ ತಿರುಗಿಬಿದ್ದನು. ತಂಡವೇ ದೊಡ್ಡದಾದರೆ ಕ್ಯಾನ್ಸಸ್ ಸಿಟಿಯ ಸೋಲುಗಳನ್ನು ಅಲೆನ್ ಒಬ್ಬನ ತಲೆಗೆ ಕಟ್ಟುವುದೇಕೆ ಎಂದೂ ಕೇಳಿದನು. ಹಿರಿಯರು ಚಹಾ ಕುಡಿದರು.

ಅವನ ಕೈಯಲ್ಲಿದ್ದ ಮುಖ್ಯ ಸಾಕ್ಷ್ಯ 2022ರ ಜನವರಿ 23ರದು. ಆಟ ಮುಗಿಯಲು ಹದಿಮೂರು ಸೆಕೆಂಡು ಉಳಿದಾಗ ಅಲೆನ್ನನ ಎಸೆತದಿಂದ ಬಫಲೋ 36-33ರ ಮುನ್ನಡೆ ಪಡೆಯಿತು. ಆ ಹದಿಮೂರು ಸೆಕೆಂಡುಗಳಲ್ಲಿ ಮಹೋಮ್ಸ್ ಎರಡು ಎಸೆತಗಳಿಂದ 44 ಗಜ ಸಾಗಿದನು, ಒಂದು ಒದೆತದಿಂದ ಆಟ ಸಮವಾಯಿತು. ಹೆಚ್ಚುವರಿ ವೇಳೆಗೆ ನಾಣ್ಯ ಚಿಮ್ಮಿದರು. ನಾಣ್ಯ ಕ್ಯಾನ್ಸಸ್ ಸಿಟಿಯ ಕಡೆ ಬಿದ್ದಿತು, ಅವರು ಮೊದಲ ಸರದಿಯಲ್ಲೇ ಟಚ್‌ಡೌನ್ ಮಾಡಿದರು, ನಿಯಮದಂತೆ ಆಟ ಅಲ್ಲಿಗೆ ಮುಗಿಯಿತು. 42-36. ನಾಲ್ಕು ಟಚ್‌ಡೌನ್ ಎಸೆದು ಒಂದನ್ನೂ ಎದುರಾಳಿಗೆ ಕೊಡದ ಅಲೆನ್ ಹೆಚ್ಚುವರಿ ವೇಳೆಯಲ್ಲಿ ಚೆಂಡನ್ನು ಮುಟ್ಟಲೇ ಇಲ್ಲ. ಎರಡು ತಿಂಗಳಲ್ಲಿ ಆ ನಿಯಮವನ್ನೇ ಬದಲಿಸಿ, ಪ್ಲೇಆಫ್‌ನಲ್ಲಿ ಇಬ್ಬರಿಗೂ ಸರದಿ ಸಿಗುವಂತೆ ಮಾಡಿದರು. ಸೋಲು ಮಾತ್ರ ಅಲೆನ್ನನ ಲೆಕ್ಕದಲ್ಲಿ ಹಾಗೆಯೇ ಉಳಿಯಿತು. ಇದರಲ್ಲಿ ನಮ್ಮ ಒಲವು ಹುಡುಗನ ಕಡೆಗೇ ಇದ್ದಿತೆಂದು ಹೇಳಿಬಿಡುತ್ತೇವೆ.

ಜನವರಿ 26ರ ರಾತ್ರಿ ಮತ್ತೆ ಕ್ಯಾನ್ಸಸ್ ಸಿಟಿ. ಹಿರಿಯರ ಮನೆಯಲ್ಲಿ ಇಪ್ಪತ್ತು ಮಂದಿ ಸೇರಿದ್ದರು. ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಕೋಳಿಯ ಖಾದ್ಯ ನಮಗೆ ವರ್ಜ್ಯವಾದ್ದರಿಂದ ನಮ್ಮ ಮನೆಯ ತಾಯಿ ಮಿರ್ಚಿ ಭಜಿ ಮಾಡಿ ತಂದಿದ್ದರು; ಅದು ಮೊದಲು ಖಾಲಿಯಾಯಿತು. ಕೊನೆಯ ಪಾದದ ಆರಂಭದಲ್ಲಿ ಬಫಲೋ 22-21ರಿಂದ ಮುಂದಿತ್ತು. ನಾಲ್ಕನೆಯ ಪ್ರಯತ್ನ, ಬೇಕಾದುದು ಒಂದು ಗಜಕ್ಕೂ ಕಡಿಮೆ. ಅಲೆನ್ ತಾನೇ ಚೆಂಡನ್ನು ಅವುಚಿಕೊಂಡು ನುಗ್ಗಿದನು. ಗೆರೆ ಮುಟ್ಟಿದನೋ ಇಲ್ಲವೋ? ಮುಟ್ಟಲಿಲ್ಲವೆಂದು ತೀರ್ಪಾಯಿತು. ಇಪ್ಪತ್ತು ಕಂಠಗಳು ಒಮ್ಮೆಗೇ ಮೊಳಗಿದವು. ಅನಂತರ 29-29, ಆಮೇಲೆ ಕ್ಯಾನ್ಸಸ್ ಸಿಟಿಗೆ 32. ಎರಡು ನಿಮಿಷ ಉಳಿದಿರಲು ಮತ್ತೆ ನಾಲ್ಕನೆಯ ಪ್ರಯತ್ನ. ಎದುರಾಳಿಗಳು ಮೈಮೇಲೆ ಬೀಳುತ್ತಿರಲು ಹಿಂದೆ ಹಿಂದೆ ಸರಿಯುತ್ತಲೇ ಅಲೆನ್ ಎಸೆದ ಚೆಂಡು ಡಾಲ್ಟನ್ ಕಿನ್‌ಕೇಡ್‌ನ ಕೈಗೆ ತಾಗಿ ನೆಲಕ್ಕೆ ಬಿತ್ತು. ಒಂದು ವಾರದ ಹಿಂದೆ ಆ್ಯಂಡ್ರೂಸನ ಕೈಯಿಂದ ಜಾರಿದಾಗ ಕುಣಿದಾಡಿದ್ದ ಮನೆಗಳಲ್ಲಿ ಈಗ ದೀಪಗಳು ಆರತೊಡಗಿದವು. ಯಾರೂ ಕಿನ್‌ಕೇಡ್‌ನನ್ನು ಬಯ್ಯಲಿಲ್ಲ. ಅಲೆನ್ನನನ್ನೂ ಬಯ್ಯಲಿಲ್ಲ. 2020ರಲ್ಲಿ ಅವನ ಅಜ್ಜಿ ತೀರಿಕೊಂಡಾಗ ಅವನ ಅಂಗಿಯ ಸಂಖ್ಯೆಯಂತೆ ಹದಿನೇಳು ಹದಿನೇಳು ಡಾಲರು ಹಾಕಿ ಮಕ್ಕಳ ಆಸ್ಪತ್ರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಡಾಲರು ಕೂಡಿಸಿಕೊಟ್ಟ ಜನ ಇವರು.

ಫೆಬ್ರವರಿ 6ರಂದು ಆ ವರ್ಷದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಅಲೆನ್ನನಿಗೆ ಬಂದಿತು. ಜ್ಯಾಕ್ಸನ್ ಎರಡನೆಯವನಾದನು. ಇನ್ನೇನು ಹೇಳುವಿರಿ ಎಂದು ಹುಡುಗ ಹಿಮ ತೋಡುವ ಸಲಿಕೆಯನ್ನು ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿದನು. ಆ ಪ್ರಶಸ್ತಿಗೆ ಮತ ಹಾಕುವುದು ಪ್ಲೇಆಫ್ ಆರಂಭವಾಗುವ ಮೊದಲೇ ಎಂದು ಹಿರಿಯರು ಶಾಂತವಾಗಿ ನೆನಪಿಸಿದರು.

ನಾವು ಊರಿಗೆ ಮರಳಿದ ಮೇಲೂ ದೂರವಾಣಿಯಲ್ಲಿ ಈ ವಾದದ ಸುದ್ದಿ ಬರುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಲೀಗ್ ಪಂದ್ಯದಲ್ಲಿ ಬಫಲೋ ಕ್ಯಾನ್ಸಸ್ ಸಿಟಿಯನ್ನು 28-21ರಿಂದ ಸೋಲಿಸಿದ ರಾತ್ರಿ ಹುಡುಗ ಹಿರಿಯರ ಬಾಗಿಲು ತಟ್ಟಿದನಂತೆ. ಅವರು ಬಾಗಿಲು ತೆರೆದು, ಜನವರಿ ಬರಲಿ ಎಂದಷ್ಟೇ ಹೇಳಿ, ಚಹಾಕ್ಕೆ ಒಳಗೆ ಕರೆದರಂತೆ.